ಪಟ್ಟಣದ ಕಸ ಹೊಲಕ್ಕೆ ಬರುವ ಮುನ್ನ



ದೊಡ್ಡ ಪಟ್ಟಣಗಳ ಸುತ್ತಲಿನ ಹಳ್ಳಿಗಳಿಗೆ ಕಸದ ಲಾರಿ ಬರುವುದು ಹೊಸದೇನಲ್ಲ. "ಯಜಮಾನ್ರೇ, ಬಿಟ್ಟಿ ಗೊಬ್ಬರ, ಬಾಡಿಗೆ ಕೊಟ್ಟರೆ ಸಾಕು" ಎನ್ನುತ್ತಾನೆ ಚಾಲಕ. ಮನೆಯಲ್ಲಿ ದನಕರುಗಳು ಕಡಿಮೆಯಾಗಿ ತಿಪ್ಪೆ ಬರಿದಾಗಿರುವಾಗ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಆದರೆ ಎರಡು ಮಳೆ ಬಿದ್ದ ಮೇಲೆ ಸಾಲುಗಳಲ್ಲಿ ಪ್ಲಾಸ್ಟಿಕ್ ಹಾಳೆ ತಲೆಯೆತ್ತುತ್ತದೆ. ಕಳೆ ಕೀಳುವ ಹೆಣ್ಣುಮಕ್ಕಳ ಅಂಗೈಗೆ ಗಾಜಿನ ಚೂರು ಚುಚ್ಚುತ್ತದೆ. ಕಣ್ಣಿಗೆ ಕಾಣುವ ಕೇಡು ಇಷ್ಟು. ಕಾಣದಿರುವ ಕೇಡು ಇದಕ್ಕಿಂತ ದೊಡ್ಡದು.

ಪಟ್ಟಣದ ಕಸ ಹೊಲಕ್ಕೆ ಬರಲೇಬಾರದೆಂದು ಇದರ ಅರ್ಥವಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದು 'ಬೆಂಗಳೂರು ಪದ್ಧತಿ' ಎಂದೇ ಹೆಸರಾಗಿದೆ. ಆ ಕಾಲದ ಕಸವೆಂದರೆ ಬೂದಿ, ಬಾಳೆ ಎಲೆ, ತರಕಾರಿ ಸಿಪ್ಪೆ, ಗುಡಿಸಿದ ಮಣ್ಣು. ಹೆಚ್ಚುಪಾಲು ಕೊಳೆಯುವ ವಸ್ತುವೇ. 1975ರಲ್ಲಿ ಬೆಂಗಳೂರಿನ ಕಸದಿಂದ ಗೊಬ್ಬರ ತಯಾರಿಸಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅನಂತರದ ವರ್ಷಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಬಲ್ಬು, ಬಣ್ಣದ ಡಬ್ಬಿ, ಔಷಧಿ ಶೀಷೆಗಳು ಕಸದ ಬುಟ್ಟಿ ಸೇರಿದವು. ಕಸ ಬದಲಾಯಿತು, ಅದನ್ನು ಒಟ್ಟಿಗೆ ಸುರಿಯುವ ರೂಢಿ ಬದಲಾಗಲಿಲ್ಲ. ಇದರ ಫಲವನ್ನು ಮೊದಲು ಉಂಡವರು ಹಳ್ಳಿಯವರೇ. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಕಸ ಸುರಿಯುವುದು ನಿಂತದ್ದು ಅಲ್ಲಿಯ ಜನ ರಸ್ತೆಗಿಳಿದ ಮೇಲೆ.

ನಿಯಮಗಳು ಹೇಳುವುದೇನು? 2012ರಲ್ಲಿ ಬೆಂಗಳೂರಿನಲ್ಲಿ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು 'ಎರಡು ಬುಟ್ಟಿ, ಒಂದು ಚೀಲ'ದ ಕ್ರಮವನ್ನು ವಿಧಿಸಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಶೌಚದ ಬಟ್ಟೆ ಮೊದಲಾದ ತ್ಯಾಜ್ಯ, ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಲೋಹ. ಚೀಲದ ಕಸ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ಅಲ್ಲಿಂದ ಮರುಬಳಕೆಗೆ ಸಾಗಬೇಕು. 2016ರ ಕೇಂದ್ರ ನಿಯಮಗಳು ಬೇರ್ಪಡಿಕೆಯನ್ನು ದೇಶಕ್ಕೆಲ್ಲ ಅನ್ವಯಿಸಿದವು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ಛತ್ರ, ವಸತಿ ಸಮುಚ್ಚಯಗಳನ್ನು ಭಾರೀ ಕಸ ಉತ್ಪಾದಕರೆಂದು ಗುರುತಿಸಿದವು. ರಸಗೊಬ್ಬರ ಕಂಪನಿಗಳು ರಸಗೊಬ್ಬರದ 6–7 ಚೀಲಕ್ಕೆ ಕಾಂಪೋಸ್ಟ್‌ನ 3–4 ಚೀಲ ಸೇರಿಸಿ ಮಾರಬೇಕೆಂಬ ಮಾತೂ ಅದೇ ನಿಯಮಗಳಲ್ಲಿತ್ತು. ಅಂಗಡಿಯಲ್ಲಿ ಹಾಗೆ ಕೊಂಡ ನೆನಪು ಎಷ್ಟು ರೈತರಿಗಿದೆಯೋ!

ಇದೆಲ್ಲ ಪಟ್ಟಣದವರ ಗೃಹಕೃತ್ಯ, ನಮಗೇನು ಎಂದು ತೋರಬಹುದು. ಆದರೆ ಹೊಲದ ಗೊಬ್ಬರ ಶುದ್ಧವೋ ಅಶುದ್ಧವೋ ಎಂಬುದು ಯಾವುದೋ ಅಡುಗೆಮನೆಯಲ್ಲಿ, ಬೆಳಗ್ಗೆ ಏಳು ಗಂಟೆಗೇ ತೀರ್ಮಾನವಾಗಿಬಿಡುತ್ತದೆ. ಹಸಿ ಕಸ ಕೊಳೆಯುವಾಗ ಅದರ ನೀರು ಆವಿಯಾಗಿ, ಇಂಗಾಲದ ಹೆಚ್ಚಿನ ಭಾಗ ಅನಿಲವಾಗಿ ಹೋಗಿ, ನಾಲ್ಕೈದು ಪಾಲು ಕಸಕ್ಕೆ ಒಂದು ಪಾಲು ಗೊಬ್ಬರ ಉಳಿಯುತ್ತದೆ. ಬ್ಯಾಟರಿ, ಬಣ್ಣಗಳಿಂದ ಬಂದ ಸೀಸ, ಕ್ಯಾಡ್ಮಿಯಂ ಮಾತ್ರ ಆವಿಯಾಗುವುದಿಲ್ಲ, ಕೊಳೆಯುವುದೂ ಇಲ್ಲ. ಉಳಿದ ಆ ಒಂದು ಪಾಲಿನಲ್ಲೇ ಸಾಂದ್ರವಾಗುತ್ತವೆ. ಜರಡಿ ಹಿಡಿದರೆ ಪ್ಲಾಸ್ಟಿಕ್ ಮೇಲೆ ನಿಲ್ಲುತ್ತದೆ, ಸೀಸ ಗೊಬ್ಬರದೊಡನೆ ಕೆಳಗಿಳಿಯುತ್ತದೆ. ಬೆರೆತ ಮೇಲೆ ಬೇರ್ಪಡಿಸುವ ಯಂತ್ರವೇನಿದ್ದರೂ ಈ ಕೆಲಸ ಅದರ ಕೈಲಾಗದು.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪಟ್ಟಣ ಕಾಂಪೋಸ್ಟ್‌ನ ಪ್ರತಿ ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಮಳೆಯಾಶ್ರಿತ ರಾಗಿಗೆ ಕೊಟ್ಟಿಗೆ ಗೊಬ್ಬರದ ಶಿಫಾರಸು ಹೆಕ್ಟೇರಿಗೆ 7.5 ಟನ್, ಅಂದರೆ ಎಕರೆಗೆ 3 ಟನ್. ಅಷ್ಟೇ ಪ್ರಮಾಣದ ಕಾಂಪೋಸ್ಟ್ ಹಾಕಿದರೆ, ಮಿತಿಯ ಅಂಚಿನಲ್ಲಿರುವ ಗೊಬ್ಬರದಿಂದಲೂ ಎಕರೆಗೆ 300 ಗ್ರಾಂ ಸೀಸ ಸೇರುತ್ತದೆ. ಪರೀಕ್ಷೆಯೇ ಆಗದ ಬೆರಕೆ ಕಸದ ಲೆಕ್ಕ ಹೇಳುವವರು ಯಾರು? ಸಾರಜನಕ ಹೆಚ್ಚಾದರೆ ಮುಂದಿನ ಬೆಳೆ ತಿಂದೀತು, ಮಳೆ ತೊಳೆದೀತು. ಸೀಸ ಹಾಗಲ್ಲ, ಮೊಮ್ಮಕ್ಕಳ ಕಾಲಕ್ಕೂ ಮೇಲ್ಮಣ್ಣಿನಲ್ಲೇ ಇರುತ್ತದೆ. ಕ್ಯಾಡ್ಮಿಯಂ ಸೊಪ್ಪು ತರಕಾರಿಗಳಿಗೆ ಸುಲಭವಾಗಿ ಏರುವುದರಿಂದ ತರಕಾರಿ ಬೆಳೆಗಾರರು ಇನ್ನೂ ಜಾಗ್ರತೆಯಾಗಿರಬೇಕು.

ಆದುದರಿಂದ ಲಾರಿಯಲ್ಲಿ ಬೆರಕೆ ಕಸ ಬಂದರೆ ಬಿಟ್ಟಿಯಾದರೂ ಇಳಿಸಿಕೊಳ್ಳಬೇಡಿ. ಮಾಗಿದ ಕಾಂಪೋಸ್ಟ್ ಎಂದು ತಂದರೆ ಪರೀಕ್ಷಾ ವರದಿ ಕೇಳಿ. ಚೀಲದ ಮೇಲೆ ತಯಾರಕರ ಹೆಸರು, ಪೋಷಕಾಂಶಗಳ ವಿವರ ಇದೆಯೇ ನೋಡಿ. ಕೆಲವನ್ನು ಹೊಲದಲ್ಲೇ ಪರೀಕ್ಷಿಸಬಹುದು. ರಾಶಿಯ ನಡುವೆ ಕೈಯಿಟ್ಟಾಗ ಬಿಸಿ ತಟ್ಟಿದರೆ ಅದು ಇನ್ನೂ ಕಳಿತಿಲ್ಲ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಹುಳಿ ಅಥವಾ ಕೊಳೆತ ವಾಸನೆ ಬಂದರೆ ಹಿಂದಕ್ಕೆ ಕಳುಹಿಸಿ. ಆದೇಶದಂತೆ 4 ಮಿಲಿಮೀಟರ್ ಜರಡಿಯಲ್ಲಿ ನೂರಕ್ಕೆ ತೊಂಬತ್ತು ಭಾಗ ಇಳಿಯಬೇಕು. ಆದರೆ ಭಾರಲೋಹ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಆಗಬೇಕು. ಹತ್ತಾರು ರೈತರು ಸೇರಿ ಒಂದೇ ಕಡೆಯಿಂದ ಗೊಬ್ಬರ ತರಿಸಿದರೆ ಪರೀಕ್ಷೆಯ ಖರ್ಚು ಹಂಚಿಹೋಗುತ್ತದೆ.

ಇದಕ್ಕಿಂತ ನಿಶ್ಚಿಂತೆಯ ದಾರಿಯೂ ಉಂಟು. ಹತ್ತಿರದ ಪೇಟೆಯ ತರಕಾರಿ ಮಾರುಕಟ್ಟೆ, ಹೂವಿನ ಮಂಡಿ, ಕಲ್ಯಾಣ ಮಂಟಪಗಳವರೊಡನೆ ನೇರವಾಗಿ ಮಾತಾಡಿ, ಬೇರ್ಪಡಿಸಿದ ಹಸಿ ಕಸ ಮಾತ್ರ ತರಿಸಿಕೊಂಡು ನಿಮ್ಮ ಗುಂಡಿಯಲ್ಲೇ ಗೊಬ್ಬರ ಮಾಡಿಕೊಳ್ಳಬಹುದು. ಒಂದು ಹೊರೆಯಲ್ಲಿ ಪ್ಲಾಸ್ಟಿಕ್ ಕಂಡರೂ ಆ ಹೊರೆ ವಾಪಸ್ ಎಂಬ ಕರಾರು ಮೊದಲೇ ಆಗಿರಲಿ. ಎರಡು ಸಲ ವಾಪಸಾದರೆ ಪೇಟೆಯವರು ಮೂರನೆಯ ಸಲ ತಾವೇ ಆರಿಸಿ ಕೊಡುತ್ತಾರೆ.

ಹಳ್ಳಿಯ ಕೈಯೂ ಪೂರ್ತಿ ಶುದ್ಧವಲ್ಲ ಎನ್ನಿ. ಹರಿದ ಹೊದಿಕೆ ಹಾಳೆ, ಹನಿ ನೀರಾವರಿಯ ಹಳೆ ಪೈಪು ತಿಪ್ಪೆಗೆ ಬೀಳದೆ ಗ್ರಾಮ ಪಂಚಾಯಿತಿಯ ಒಣ ಕಸದ ಗಾಡಿಗೆ ಹೋಗಲಿ. ಕೀಟನಾಶಕದ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಬೇರೆ ಇಡಿ.

ಕೊನೆಗೆ ಒಂದು ಚಿಕ್ಕ ಪರೀಕ್ಷೆ. ಬಂದ ಗೊಬ್ಬರವನ್ನೂ ಹೊಲದ ಮಣ್ಣನ್ನೂ ಸಮಪಾಲು ಬೆರೆಸಿ ಒಂದು ಕುಂಡಕ್ಕೆ, ಬರಿಯ ಮಣ್ಣನ್ನು ಇನ್ನೊಂದು ಕುಂಡಕ್ಕೆ ತುಂಬಿ, ಎರಡಕ್ಕೂ ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತಿ. ಒಂದು ವಾರದಲ್ಲಿ ಗೊಬ್ಬರದ ಕುಂಡದ ಮೊಳಕೆ ಹಿಂದೆ ಬಿದ್ದರೆ ಗೊಬ್ಬರ ಕಳಿತಿಲ್ಲ ಅಥವಾ ಉಪ್ಪು ಹೆಚ್ಚಿದೆ. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಗೊಬ್ಬರ ಹರಡಬೇಕಾದುದರಿಂದ, ಈ ಕುಂಡಗಳನ್ನು ಅದಕ್ಕೂ ಒಂದು ವಾರ ಮೊದಲೇ ಜಗಲಿಯ ಮೇಲಿಡಿ.