ಲೇಬಲ್ ಆಮೇಲೆ ಓದಿ, ಬಾಟಲಿ ಹೇಗೆ ಬಂತು ಅಂತ ಮೊದಲು ಕೇಳಿ

ಹೋದ ಸಲ ಇಲ್ಲಿ ನಿಂತವರು ದುಡ್ಡು ಉಳಿಸೋದು ಹೇಗೆ ಅಂತ ಹೇಳಿದ್ದರು. ನಾನು ಇವತ್ತು ಅದನ್ನ ಕಳೆಯೋ ವಿಷಯ ಮಾತಾಡ್ತೀನಿ. ಕುಡಿಯದವರಿಗೆ ಕುಡೀರಿ ಅಂತ ಹೇಳೋ ಉದ್ದೇಶ ಖಂಡಿತ ಇಲ್ಲ. ತೆಲಂಗಾಣದಲ್ಲಿ 21 ತುಂಬದವರಿಗಂತೂ ಈ ಮಾತು ಅಲ್ಲವೇ ಅಲ್ಲ. ಆದರೆ ನಮ್ಮಲ್ಲಿ ಬಹಳ ಜನ ಪ್ರಮೋಷನ್‌ಗೋ, ಬಾಸ್ ಮನೆ ಗೃಹಪ್ರವೇಶಕ್ಕೋ ಐದಾರು ಸಾವಿರ ಕೊಟ್ಟು ಒಂದು ಬಾಟಲಿ ತರ್ತೀವಿ. ತರೋವಾಗ ಏನು ನೋಡಿ ತರ್ತೀವಿ? ಬೆಲೆ ನೋಡ್ತೀವಿ, ಅಷ್ಟೇ.

ನಾನು ಗಂಗಾವತಿ ಕಡೆಯವನು. ವರಂಗಲ್‌ನಲ್ಲಿ ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಹತ್ತು ವರ್ಷ ದಾಟಿತು. ವೈನ್ ವಿಷಯದಲ್ಲಿ ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ಒಂದು ಒಳ್ಳೆ ಬಾಟಲಿಯನ್ನ ಕೈಯಾರೆ ಹಾಳು ಮಾಡಿದ ಅನುಭವ ಮಾತ್ರ ಇದೆ.

ನನ್ನ ಮೊದಲ ಟೀಮ್ ಲೀಡ್ ಒಬ್ಬರು ತೆಲುಗಿನವರು. ಕೋಡ್ ರಿವ್ಯೂ ಅಂದರೆ ಏನು ಅಂತ ನನಗೆ ಕಲಿಸಿದವರು ಅವರೇ. ಕೆಲಸ ಬಿಟ್ಟು ಊರಿಗೆ ಹೋಗಿ ತೋಟ ಮಾಡ್ತೀನಿ ಅಂತ ಹೊರಟರು. ನಾನು ಆಗಷ್ಟೇ ಆನ್‌ಸೈಟ್‌ನಿಂದ ವಾಪಸ್ ಬರ್ತಿದ್ದೆ. ಅವರಿಗೆ ಅಂತ ಡ್ಯೂಟಿ ಫ್ರೀಯಲ್ಲಿ ಒಂದು ಬೋರ್ಡೋ ರೆಡ್ ತಗೊಂಡೆ. ಒಂಬತ್ತು ಸಾವಿರದ ಆಸುಪಾಸು. ಅಷ್ಟು ದುಡ್ಡನ್ನ ಕುಡಿಯೋ ವಸ್ತುವಿಗೆ ನಮ್ಮ ಮನೆತನದಲ್ಲಿ ಯಾರೂ ಕೊಟ್ಟಿರಲಿಕ್ಕಿಲ್ಲ. ಶನಿವಾರ ಬೆಳಿಗ್ಗೆ ಬಂದಿಳಿದೆ, ಊಟ ಇದ್ದಿದ್ದು ಸೋಮವಾರ ರಾತ್ರಿ. ಹೇಗೂ ಕೊಡೋದಲ್ವಾ, ಮೇಲೆ ಯಾಕೆ ಒಯ್ಯೋದು ಅಂತ ಕಾರಿನ ಡಿಕ್ಕಿಯಲ್ಲೇ ಬಿಟ್ಟೆ. ಮೇ ತಿಂಗಳು, ಬಯಲಲ್ಲಿ ನಿಂತ ಕಾರು, ಎರಡೂವರೆ ದಿನ.

ಸೋಮವಾರ ಬಿಚ್ಚಿದಾಗ ಕಾರ್ಕ್ ಬಾಟಲಿಯ ಬಾಯಿಗಿಂತ ಚೂರು ಮೇಲೆ ಬಂದಿತ್ತು. ಮೇಲಿನ ಫಾಯಿಲ್ ಒಳಗೆ ಅಂಟಂಟು. ಗ್ಲಾಸಿಗೆ ಹಾಕಿದರೆ ನೇರಳೆ ಹಣ್ಣಿನ ಜಾಮ್ ಕುದಿಸಿದ ವಾಸನೆ. ಅವರು ಒಂದು ಗುಟುಕು ಕುಡಿದು "ಬಾಗುಂದಿ" ಅಂದರು. ಗ್ಲಾಸ್ ಕೆಳಗಿಟ್ಟರು. ಮತ್ತೆ ಅದನ್ನ ಮುಟ್ಟಲಿಲ್ಲ. ನನ್ನ ಕೋಡಲ್ಲಿ ಒಂದು ಸ್ಪೇಸ್ ಹೆಚ್ಚಿದ್ದರೂ ಹಿಡೀತಿದ್ದ ಮನುಷ್ಯ ಅವರು.

ಆಗಿದ್ದು ಇಷ್ಟು. ಬಿಸಿಗೆ ವೈನ್ ಹಿಗ್ಗುತ್ತೆ, ಕಾರ್ಕನ್ನ ಮೇಲೆ ತಳ್ಳುತ್ತೆ. ರಾತ್ರಿ ತಣ್ಣಗಾದಾಗ ಕುಗ್ಗುತ್ತೆ, ಸಂದಿಯಿಂದ ಗಾಳಿ ಒಳಗೆ ಬರುತ್ತೆ. ಹಣ್ಣಿನ ಪರಿಮಳ ಬೆಂದು ಹೋಗುತ್ತೆ. ವೈನ್ ಗೊತ್ತಿರೋರು ಇಂಥದ್ದಕ್ಕೆ "ಬೆಂದ ವೈನ್" ಅಂತಲೇ ಹೇಳ್ತಾರೆ.

ಆವತ್ತಿಂದ ಒಂದು ಪ್ರಶ್ನೆ ತಲೇಲಿ ಕೂತಿದೆ. ನಾನು ಎರಡೂವರೆ ದಿನ ಮಾಡಿದ್ದನ್ನ, ಫ್ರಾನ್ಸಿಂದ ಇಲ್ಲಿಗೆ ಬರೋ ದಾರಿಯಲ್ಲಿ ಇನ್ನೊಬ್ಬರು ಮಾಡಿಲ್ಲ ಅಂತ ಏನು ಗ್ಯಾರಂಟಿ? ಹಡಗು, ಬಂದರು, ಗೋದಾಮು, ಲಾರಿ, ಡಿಪೋ, ಕೊನೆಗೆ ಅಂಗಡಿ. ಒಂದು ರಿಕ್ವೆಸ್ಟ್ ಆರು ಸರ್ವರ್ ದಾಟಿ ಬಂದ ಹಾಗೆ. ನಾವು ಮಾತ್ರ ಕೊನೇ ಸರ್ವರಿನ ಲಾಗ್ ಓದಿ, ಅಂದರೆ ಲೇಬಲ್ ಓದಿ, ಎಲ್ಲಾ ಸರಿ ಇದೆ ಅಂದುಕೊಳ್ತೀವಿ.

ಹಾಗಾಗಿ ಹೈದರಾಬಾದಿನಲ್ಲಿ ನನ್ನ ಮೊದಲ ನಿಯಮ: ಅಂಗಡಿ ಆರಿಸಿ, ಆಮೇಲೆ ಬಾಟಲಿ. ಹೊಸದಾಗಿ ಬಂದವರಿಗೆ ಒಂದು ಮಾತು, ಇಲ್ಲಿ ಬೋರ್ಡ್ ಮೇಲೆ "ವೈನ್ಸ್" ಅಂತಿದ್ದರೆ ಒಳಗೆ ವೈನ್ ಇರುತ್ತೆ ಅಂತ ಅರ್ಥ ಅಲ್ಲ. ಬೀರು, ವಿಸ್ಕಿ, ಬ್ರಾಂದಿ ಎಲ್ಲಾ ಇರುತ್ತೆ. ವೈನ್ ಕೇಳಿದರೆ ಹುಡುಗ ಸ್ಟೂಲ್ ಹತ್ತಿ ಧೂಳು ಹೊಡೆದು ಒಂದು ಬಾಟಲಿ ಇಳಿಸ್ತಾನೆ. ಆ ಧೂಳನ್ನ ನೋಡಿ ಹಳೇದು, ಒಳ್ಳೇದು ಅಂದುಕೋಬೇಡಿ. ಎಷ್ಟು ಬೇಸಿಗೆ ಅಲ್ಲೇ ಕಳೆದಿದೆ ಅಂತ ಯೋಚಿಸಿ. ಎಸಿ ರಾತ್ರಿಯೂ ಓಡುತ್ತಾ, ಬಾಟಲಿ ಮಲಗಿಸಿ ಇಟ್ಟಿದ್ದಾರಾ, ಈ ಸ್ಟಾಕ್ ಯಾವಾಗ ಬಂತು ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ, ಮಾವಿನ ಹಣ್ಣು ಮೂಸಿ ನೋಡೇ ತಗೋತೀವಲ್ಲ. ಬಾಟಲಿ ಕೈಗೆ ಬಂದ ಮೇಲೆ ಕಾರ್ಕ್ ಉಬ್ಬಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಕುತ್ತಿಗೆಯ ಹತ್ತಿರ ಸೋರಿದ ಕಲೆ ಇದ್ದರೆ, ಪಕ್ಕದ ಬಾಟಲಿಗಿಂತ ವೈನ್ ಮಟ್ಟ ಕೆಳಗಿದ್ದರೆ, ವಾಪಸ್ ಇಡಿ.

ಶಾಂಪೇನ್‌ಗೆ ಬಿಸಿ ಜೊತೆ ಬೆಳಕೂ ಶತ್ರು. ಲೂಯಿ ರೋಡರರ್ ಅವರ ಕ್ರಿಸ್ಟಲ್ ನೋಡಿರಬಹುದು. 1876ರಲ್ಲಿ ರಷ್ಯಾದ ಝಾರ್ ಎರಡನೇ ಅಲೆಕ್ಸಾಂಡರನಿಗಾಗಿ ಶುರುವಾದದ್ದು. ಅದರ ಗಾಜು ಪಾರದರ್ಶಕ, ಅದಕ್ಕೇ ಹಳದಿ ಹಾಳೆ ಸುತ್ತಿರ್ತಾರೆ. ಚಂದಕ್ಕಲ್ಲ, ಬೆಳಕು ತಡೆಯೋಕೆ. ಅಂಗಡಿಯವನು ಷೋಕೇಸಿನಲ್ಲಿ ದೀಪದ ಕೆಳಗೆ ನಿಲ್ಲಿಸಿದ ಬಾಟಲಿ ಬೇಡ, ಒಳಗೆ ಪೆಟ್ಟಿಗೆಯಲ್ಲಿ ಇರೋದು ಕೊಡಿ ಅನ್ನಿ.

ಇನ್ನು ಲೇಬಲ್. ಶಾಂಪೇನ್ ಅಂದರೆ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ್ದು ಮಾತ್ರ. ನಮ್ಮ ದೇಶದಲ್ಲೂ ಆ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆ ಇದೆ, ಮೈಸೂರು ಮಲ್ಲಿಗೆಗೆ ಇರೋ ಹಾಗೆ. "ಬ್ರೂಟ್" ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಅಂತಿದ್ದರೆ ಮೋಸ ಹೋಗಬೇಡಿ, ಅದು ಬ್ರೂಟ್‌ಗಿಂತ ಸಿಹಿ, 12ರಿಂದ 17 ಗ್ರಾಂ. ಯಾಕೆ ಹೀಗೆ ಹೆಸರಿಟ್ಟರೋ, ವೇರಿಯಬಲ್‌ಗೆ ಹೆಸರಿಡೋದರಲ್ಲಿ ಅವರೂ ನಮ್ಮ ಥರಾನೇ. "ಡೆಮಿ ಸೆಕ್" 32ರಿಂದ 50 ಗ್ರಾಂ, ಹೋಳಿಗೆ ಜೊತೆ ಚೆನ್ನಾಗಿ ಹೋಗುತ್ತೆ. ನಂಬದಿದ್ದರೆ ಬಿಡಿ. ಬ್ರೂಟ್ ಮಾತ್ರ ಮಿರ್ಚಿ ಭಜಿಗೆ. ಅದರ ಹುಳಿ, ಗುಳ್ಳೆ ಎರಡೂ ಎಣ್ಣೆಯನ್ನ ತೊಳೆದುಹಾಕುತ್ತೆ.

ಲೇಬಲ್ಲಿನ ಮೂಲೆಯಲ್ಲಿ ಕಾಣದಷ್ಟು ಸಣ್ಣದಾಗಿ ಎರಡು ಅಕ್ಷರ ಇರುತ್ತೆ. "ಎನ್‌ಎಂ" ಅಂದರೆ ಬೇರೆ ರೈತರಿಂದ ದ್ರಾಕ್ಷಿ ಕೊಂಡು ಮಾಡುವ ಮನೆ. ದೊಡ್ಡ ಹೆಸರುಗಳೆಲ್ಲ ಹೆಚ್ಚುಕಮ್ಮಿ ಇದೇ. "ಆರ್‌ಎಂ" ಅಂದರೆ ಸ್ವಂತ ತೋಟದ ದ್ರಾಕ್ಷಿಯಿಂದ ರೈತನೇ ಮಾಡಿದ್ದು. ಆರ್‌ಎಂ ಹೈದರಾಬಾದಿನಲ್ಲಿ ಸುಲಭಕ್ಕೆ ಸಿಗಲ್ಲ, ವಿದೇಶಕ್ಕೆ ಹೋದಾಗ ಹುಡುಕಿ. ಅದೇ ದುಡ್ಡಿಗೆ ಜಾಹೀರಾತಿನ ಖರ್ಚು ಕಳೆದು ವೈನ್ ಜಾಸ್ತಿ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ. ಬರುವಾಗ ಒಬ್ಬರಿಗೆ ಎರಡು ಲೀಟರ್ ತನಕ ಸುಂಕ ಇಲ್ಲದೆ ತರಬಹುದು, ಅಂದರೆ 750 ಎಂಎಲ್‌ನ ಎರಡು ಬಾಟಲಿ. ಡಿಕ್ಕಿಯಲ್ಲಿ ಬಿಡಬೇಡಿ, ಅಷ್ಟೇ.

ಇಸವಿ ಇಲ್ಲದ ಶಾಂಪೇನನ್ನ ಕನಿಷ್ಠ 15 ತಿಂಗಳು, ಇಸವಿ ಇರೋದನ್ನ ಕನಿಷ್ಠ ಮೂರು ವರ್ಷ ಮಾಗಿಸಬೇಕು ಅಂತ ಅಲ್ಲಿನ ಕಾನೂನು. ಇಸವಿ ಇಲ್ಲದ್ದು ತಂದಿಟ್ಟು ಕಾಯೋಕಲ್ಲ, ತಂದು ಕುಡಿಯೋಕೆ. ಮಗಳ ಮದುವೆಗೆ ಅಂತ ಅಡುಗೆಮನೆ ಅಟ್ಟದ ಮೇಲೆ ಇಟ್ಟವರನ್ನ ನಾನು ನೋಡಿದ್ದೀನಿ. ಮಗಳು ಇನ್ನೂ ಎರಡನೇ ಕ್ಲಾಸು.

ಬೆಲೆ ವಿಷಯ. ಆಮದು ವೈನ್ ಮೇಲೆ ಬಹಳ ವರ್ಷದಿಂದ ಇದ್ದ ಸುಂಕ ಶೇಕಡಾ 150. ಸಾವಿರ ರೂಪಾಯಿ ವೈನ್ ಬಂದರಿನಲ್ಲೇ ಎರಡೂವರೆ ಸಾವಿರ, ಆಮೇಲೆ ರಾಜ್ಯದ ತೆರಿಗೆ, ಅಂಗಡಿ ಲಾಭ. ಐದು ಸಾವಿರ ಕೊಟ್ಟೆ ಅಂದ ಮಾತ್ರಕ್ಕೆ ಐದು ಸಾವಿರದ ವೈನ್ ಕುಡಿದೆ ಅಂತಲ್ಲ. ಇಲ್ಲಿ ಒಂದು ಕಿಟಕಿ ಇದೆ: 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದ. ಬಾಟಲಿಗೆ 15 ಡಾಲರ್ ಮೀರಿದ ಆಸ್ಟ್ರೇಲಿಯನ್ ವೈನ್ ಮೇಲೆ ಸುಂಕ ಮೊದಲ ದಿನವೇ 75ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 25ಕ್ಕೆ ಬರಬೇಕು. ಅಗ್ಗದ ವೈನಿಗೆ ಇಷ್ಟು ರಿಯಾಯಿತಿ ಇಲ್ಲ. ಹಾಗಾಗಿ ಆಸ್ಟ್ರೇಲಿಯಾದ್ದು ತಗೊಳ್ಳೋದಾದರೆ ಸ್ವಲ್ಪ ಮೇಲಿನ ದರ್ಜೆಯ ಶಿರಾಜ್ ತಗೊಳ್ಳೋದೇ ಲೆಕ್ಕಕ್ಕೆ ಸರಿ.

ರೆಡ್ ವೈನಿನಲ್ಲಿ "ರಿಸರ್ವ್" ಅನ್ನೋ ಪದ ಯಾರ ಬಾಯಲ್ಲಿ ಬಂತು ನೋಡಬೇಕು. ಸ್ಪೇನಿನ ರಿಯೋಹಾದಲ್ಲಿ "ರಿಸೆರ್ವಾ" ಅಂದರೆ ಮೂರು ವರ್ಷ, "ಗ್ರಾನ್ ರಿಸೆರ್ವಾ" ಅಂದರೆ ಐದು ವರ್ಷ ಮಾಗಿದ್ದು, ಕಾನೂನೇ ಹಾಗಿದೆ. ಬೇರೆ ಎಷ್ಟೋ ಕಡೆ ಅದು ಬರೀ ಅಲಂಕಾರ. ಬೋರ್ಡೋದಲ್ಲಿ ಇಸವಿ ಮುಖ್ಯ: 2010, 2016 ಒಳ್ಳೆ ವರ್ಷ, 2013 ಮಳೆಗೆ ಸಿಕ್ಕ ಬಡ ವರ್ಷ. ಷ್ಯಾಟೋ ಹೆಸರು ದೊಡ್ಡದು, ರಿಯಾಯಿತಿಯೂ ದೊಡ್ಡದು ಅಂತ ಯಾರಾದರೂ ತೋರಿಸಿದರೆ ಇಸವಿ ನೋಡಿ. ನಮ್ಮ ಖಾರದ ಬಿರಿಯಾನಿಗೆ ಅಂತ ತುಂಬಾ ಒಗರಿರೋ ಬೋರ್ಡೋ ಒಯ್ಯಬೇಡಿ. ಮೆಣಸಿನಕಾಯಿ, ಒಗರು ಸೇರಿ ಬಾಯಿ ಉರಿ ಹೆಚ್ಚುತ್ತೆ.

ಈಗ ನಮ್ಮ ಕಡೆಗೆ ಬರ್ತೀನಿ. ದಾರಿ ಕಡಿಮೆಯಾದಷ್ಟೂ ಬೇಯೋ ಅವಕಾಶ ಕಡಿಮೆ. ನಂದಿ ಬೆಟ್ಟದ ಬುಡದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರು ಮಾಡಿದಾಗ ಜೊತೆಗಿದ್ದವರು ಜಾರ್ಜ್ ವೆಸೆಲ್, ಶಾಂಪೇನ್ ಪ್ರಾಂತ್ಯದವರೇ, ಮಮ್ ಕಂಪನಿಯ ತೋಟ ನೋಡಿಕೊಂಡವರು. ಆಮೇಲೆ ಬೋರ್ಡೋದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಅವರ "ಲಾ ರಿಸರ್ವ್" ರೆಡ್ ಈ ದೇಶದಲ್ಲಿ ಬಹಳ ಜನರಿಗೆ ಮೊದಲ ಒಳ್ಳೆ ವೈನ್.

ನನಗೆ ಹೆಚ್ಚು ಹತ್ತಿರದ್ದು ಇನ್ನೊಂದು. ಒಂದಿನ ಅಂಗಡಿಯಲ್ಲಿ ಕ್ಯಾಬರ್ನೆ ಸೋವಿಂಯೋ ಒಂದರ ಲೇಬಲ್ ಮೇಲೆ "ಹಂಪಿ ಹಿಲ್ಸ್" ಅಂತ ಓದಿದೆ. ಕೃಸ್ಮಾ ಎಸ್ಟೇಟ್ಸ್. ತೋಟ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ! ಮಾಲೀಕರು ಇದೇ ಹೈದರಾಬಾದಿನವರು, ಗ್ರಾನ್ಯೂಲ್ಸ್ ಔಷಧ ಕಂಪನಿಯ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ. ಏಳು ಖಂಡಗಳಲ್ಲೂ ಮ್ಯಾರಥಾನ್ ಓಡಿದವರು. ಇಬ್ಬರ ಹೆಸರು ಸೇರಿಯೇ ಕೃಸ್ಮಾ. ನಾವು ಕೊಪ್ಪಳದಿಂದ ಹೈದರಾಬಾದಿಗೆ ಬಂದೆವು, ಅವರು ಹೈದರಾಬಾದಿನಿಂದ ಕೊಪ್ಪಳಕ್ಕೆ ಹೋಗಿ ದ್ರಾಕ್ಷಿ ಹಾಕಿದರು. ಬೆಲೆ ಸಣ್ಣದಲ್ಲ, ಆದರೆ ಅದರಲ್ಲಿ ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ ಇಲ್ಲ. ಅಂದ ಹಾಗೆ ಊರಿಗೆ ಹೋದಾಗ ಅಲ್ಲಿಂದಲೇ ಬ್ಯಾಗಿನಲ್ಲಿ ತರೋ ಯೋಚನೆ ಬೇಡ. ಬೇರೆ ರಾಜ್ಯದ ಬಾಟಲಿ ಪರ್ಮಿಟ್ ಇಲ್ಲದೆ ತಂದರೆ ಅಬಕಾರಿ ಕೇಸ್ ಆಗುತ್ತೆ, ಇಲ್ಲಿನದ್ದನ್ನ ಇಲ್ಲೇ ಕೊಳ್ಳಿ.

ಮನೆಗೆ ತಂದ ಮೇಲೆ ಮಲಗಿಸಿ, ಕತ್ತಲಲ್ಲಿ, ತಂಪಲ್ಲಿ ಇಡಿ. ವೈನ್ ಫ್ರಿಜ್ ಇಲ್ಲದಿದ್ದರೆ ವಾರದೊಳಗೆ ಕುಡಿಯೋಷ್ಟೇ ಕೊಳ್ಳಿ. ಅಷ್ಟು ದಿನ ಮಾಮೂಲಿ ಫ್ರಿಜ್ ನಡೆಯುತ್ತೆ. ರೆಡ್ ವೈನನ್ನ ರೂಮಿನ ಬಿಸಿಯಲ್ಲಿ ಕೊಡಬೇಕು ಅನ್ನೋದು ಯುರೋಪಿನ ರೂಮಿನ ಮಾತು, ಕುಕಟ್‌ಪಲ್ಲಿಯ ಮೂರನೇ ಮಹಡಿಯದ್ದಲ್ಲ. 16ರಿಂದ 18 ಡಿಗ್ರಿ ಸಾಕು. ರೂಮಲ್ಲಿಟ್ಟ ಬಾಟಲಿಯನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೀರಿ.

ಹೋದ ಜನವರಿಯಲ್ಲಿ ಆ ನನ್ನ ಲೀಡ್ ತೋಟಕ್ಕೆ ಹೋಗಿದ್ದೆ. ಈ ಸಲ ಹಂಪಿ ಹಿಲ್ಸ್ ಬಾಟಲಿ, ಐಸ್ ಪ್ಯಾಕ್ ಇಟ್ಟ ಟಿಫಿನ್ ಬ್ಯಾಗಿನಲ್ಲಿ, ಕಾಲ ಹತ್ತಿರ ಇಟ್ಟುಕೊಂಡು, ಎಸಿ ಹಾಕಿಕೊಂಡು. ಅವರು ಏನೂ ಹೇಳಲಿಲ್ಲ. ಎರಡನೇ ಗ್ಲಾಸ್ ತಾವೇ ಹಾಕಿಕೊಂಡರು. ಪ್ರಶ್ನೆ ಇದ್ದವರು ಕೇಳಿ, ಮೈಕ್ ಆ ಕಡೆ ಕೊಡ್ತಾರೆ.