ಪೆಟ್ರೋಲ್ ಬೆಲೆಗೂ ಋತುಮಾನವಿದೆಯೇ?



ಮಾವಿನ ಹಣ್ಣಿಗೆ ಒಂದು ಕಾಲ, ಟೊಮೆಟೊಗೆ ಒಂದು ಕಾಲ. ಫಸಲು ಹೆಚ್ಚು ಬಂದಾಗ ಬೆಲೆ ಇಳಿಯುತ್ತದೆ, ಕಡಿಮೆಯಾದಾಗ ಏರುತ್ತದೆ. ಇದು ನಿಮಗೆಲ್ಲ ತಿಳಿದಿರುವ ವಿಷಯ. ಆದರೆ ಪೆಟ್ರೋಲ್ ಹೊಲದಲ್ಲಿ ಬೆಳೆಯುವ ವಸ್ತುವಲ್ಲ. ಹನ್ನೆರಡು ತಿಂಗಳೂ ನೆಲದಾಳದಿಂದ ತೆಗೆಯುವ ಎಣ್ಣೆಯ ಬೆಲೆಗೆ ಬೇಸಿಗೆ, ಚಳಿಗಾಲ ಎಂಬ ಭೇದ ಏಕಿರಬೇಕು?

ಈ ಭೇದ ಎದ್ದು ಕಾಣುವುದು ಅಮೆರಿಕದಲ್ಲಿ. ಅಲ್ಲಿ ಗ್ಯಾಸೊಲಿನ್ ಎಂದು ಕರೆಯುವ ಪೆಟ್ರೋಲಿನ ಬೆಲೆ ಸಾಮಾನ್ಯವಾಗಿ ಚಳಿಗಾಲದ ಕೊನೆಯಲ್ಲಿ ಏರತೊಡಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಅವರ ಬೇಸಿಗೆಯಲ್ಲಿ ಮೇಲ್ಮಟ್ಟದಲ್ಲಿದ್ದು, ಸೆಪ್ಟೆಂಬರ್ ಕಳೆದ ಮೇಲೆ ಇಳಿಯುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಪ್ರಯಾಣ. ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಅಲ್ಲಿ ಕಾರು ಪ್ರವಾಸದ ಕಾಲ. ಶಾಲೆಗಳಿಗೆ ರಜೆ, ಹೆದ್ದಾರಿಗಳು ಭರ್ತಿ, ಬೇಡಿಕೆ ಹೆಚ್ಚು.

ಎರಡನೆಯದು ಸಂಸ್ಕರಣಾಗಾರಗಳ ದುರಸ್ತಿ. ಬೇಡಿಕೆ ಕಡಿಮೆಯಿರುವ ಚಳಿಗಾಲದ ಕೊನೆಯಲ್ಲಿಯೂ ಶರತ್ಕಾಲದಲ್ಲಿಯೂ ಹಲವು ಘಟಕಗಳನ್ನು ನಿಲ್ಲಿಸಿ ಕೆಲಸ ಮಾಡುತ್ತಾರೆ. ಬೇಸಿಗೆಗೆ ದಾಸ್ತಾನು ಕೂಡಿಸಬೇಕಾದ ಹೊತ್ತಿಗೇ ಉತ್ಪಾದನೆ ತಗ್ಗಿರುತ್ತದೆ.

ಮೂರನೆಯದು ಅನೇಕರಿಗೆ ಗೊತ್ತಿಲ್ಲದ್ದು. ಬೇಸಿಗೆಯ ಪೆಟ್ರೋಲ್ ಮತ್ತು ಚಳಿಗಾಲದ ಪೆಟ್ರೋಲ್ ಅಲ್ಲಿ ಒಂದೇ ಅಲ್ಲ! ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಿ. ಪೆಟ್ರೋಲ್ ಎಂಬುದು ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕೊರೆಯುವ ಚಳಿಯಲ್ಲಿ ಅದು ಸುಲಭವಾಗಿ ಆವಿಯಾಗದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಬ್ಯೂಟೇನ್ ಹೆಚ್ಚು ಬೆರೆಸುತ್ತಾರೆ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆಗಿರುವ ಅನಿಲವೂ ಇದೇ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇದು ಕುದಿಯುತ್ತದೆ. ಬೆಲೆಯೂ ಅಗ್ಗ. ಹೀಗಾಗಿ ಚಳಿಗಾಲದ ಪೆಟ್ರೋಲಿಗೆ ತಗಲುವ ಖರ್ಚು ಕಡಿಮೆ.

ಅದೇ ಪೆಟ್ರೋಲನ್ನು ಬೇಸಿಗೆಯಲ್ಲಿ ಮಾರಿದರೆ ಏನಾಗುತ್ತದೆ? ಟ್ಯಾಂಕಿನಿಂದ, ಬಂಕಿನಿಂದ ಆವಿ ಹೊರಬೀಳುತ್ತದೆ. ವಾಹನಗಳು ಉಗುಳುವ ನೈಟ್ರೋಜನ್ ಆಕ್ಸೈಡ್‌ಗಳೊಡನೆ ಸೇರಿ, ಬಿಸಿಲಿನಲ್ಲಿ ಓಝೋನ್ ಆಗುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್, ನೆಲದ ಮಟ್ಟದಲ್ಲಿ ಶ್ವಾಸಕೋಶಕ್ಕೆ ಶತ್ರು. ಅಸ್ತಮಾ ಇರುವ ಮಕ್ಕಳಿಗೂ ವೃದ್ಧರಿಗೂ ಅದರ ಕಾಟ ಹೆಚ್ಚು. ಆದ್ದರಿಂದ 1989ರಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬೇಸಿಗೆಯ ಪೆಟ್ರೋಲಿನ ಆವಿಯ ಒತ್ತಡಕ್ಕೆ ಮಿತಿ ಹಾಕಿದೆ. ಬಂಕುಗಳಿಗೆ ಈ ನಿಯಮ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಅನ್ವಯ. ಸಗಟು ದಾಸ್ತಾನು ಕೇಂದ್ರಗಳಿಗೆ ಮೇ 1ರಿಂದಲೇ. ಅಗ್ಗದ ಬ್ಯೂಟೇನ್ ತೆಗೆದು ದುಬಾರಿ ಘಟಕಗಳನ್ನು ಬೆರೆಸಬೇಕಾದ್ದರಿಂದ ಖರ್ಚು ಏರುತ್ತದೆ.

ಅಂದರೆ, ಬೇಸಿಗೆಯ ಬೆಲೆ ಏರಿಕೆಯಲ್ಲಿ ಒಂದು ಪಾಲು ಉಸಿರಾಡುವ ಗಾಳಿಗಾಗಿ ಕೊಡುವ ಹಣ. ಯೋಚಿಸಿ ನೋಡಿ: ಕಾರಿನಲ್ಲಿ ದೂರದ ಕೆಲಸಕ್ಕೆ ಹೋಗುವ ಬಡ ಕಾರ್ಮಿಕನಿಗೆ ಈ ಹಣ ಭಾರ. ಆದರೆ ಹೆದ್ದಾರಿಯ ಪಕ್ಕದ ಅಗ್ಗದ ಮನೆಯಲ್ಲಿ ಉಸಿರಾಡುವುದೂ ಅವನ ಮಕ್ಕಳೇ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ ಸಂಸ್ಕರಣಾಗಾರಗಳೂ ಪೈಪ್‌ಲೈನ್‌ಗಳೂ ನಿಂತುಹೋದಾಗ, ಪೆಟ್ರೋಲ್ ಬೆಲೆ ಗ್ಯಾಲನ್‌ಗೆ ಮೂರು ಡಾಲರ್ ದಾಟಿತು. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಆಗ ಪೂರೈಕೆ ಹೆಚ್ಚಿಸಲು ಸರಕಾರ ಬೇಸಿಗೆಯ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ಗಾಳಿ ಮುಖ್ಯವೋ ಬೆಲೆ ಮುಖ್ಯವೋ ಎಂಬ ಪ್ರಶ್ನೆ ಆಗ ಬಯಲಿಗೆ ಬಂತು.

ಹಾಗೆಂದು ಎಲ್ಲಕ್ಕೂ ಋತುವೇ ಕಾರಣ ಎನ್ನಬೇಡಿ. ಋತುಮಾನ ಸಣ್ಣ ಅಲೆ. ಕಚ್ಚಾತೈಲದ ಬೆಲೆ ದೊಡ್ಡ ಉಬ್ಬರವಿಳಿತ. 2008ರ ಜುಲೈಯಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿ, ಪೆಟ್ರೋಲ್ ನಾಲ್ಕು ಡಾಲರ್ ದಾಟಿತ್ತು. ಡಿಸೆಂಬರ್ ಹೊತ್ತಿಗೆ ಎರಡು ಡಾಲರ್‌ಗಿಂತ ಕೆಳಗಿಳಿಯಿತು. ಅದು ಆರ್ಥಿಕ ಕುಸಿತದ ಪರಿಣಾಮ. 2020ರ ವಸಂತದಲ್ಲಿ, ಬೆಲೆ ಏರಬೇಕಾದ ಕಾಲದಲ್ಲೇ ಕೊರೊನಾ ಲಾಕ್‌ಡೌನ್‌ನಿಂದ ಕುಸಿಯಿತು. ಉಕ್ರೇನ್ ಯುದ್ಧದ ನಂತರ, 2022ರ ಜೂನ್‌ನಲ್ಲಿ, ಮೊದಲ ಬಾರಿಗೆ ಐದು ಡಾಲರ್ ದಾಟಿತು.

ನಮ್ಮಲ್ಲಿ ಹೇಗೆ? ಮಳೆಗಾಲದಲ್ಲಿ ನೀರಾವರಿ ಪಂಪುಗಳು ನಿಂತು, ಸಂಚಾರ ತಗ್ಗಿ ಡೀಸೆಲ್ ಬಳಕೆ ಇಳಿಯುತ್ತದೆ. ಬಳಕೆಗೆ ಋತುವಿದೆ, ಬಂಕಿನ ಫಲಕದಲ್ಲಿ ಮಾತ್ರ ಅದು ಅಷ್ಟಾಗಿ ಕಾಣದು. 2010ರಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣ ತೆಗೆದರು, 2017ರ ಜೂನ್ 16ರಿಂದ ದೇಶದಾದ್ಯಂತ ದಿನವಹಿ ಪರಿಷ್ಕರಣೆ ಬಂತು. ಆದರೂ ಕೇಂದ್ರ, ರಾಜ್ಯಗಳ ತೆರಿಗೆಯ ಪಾಲು ದೊಡ್ಡದು. ತಿಂಗಳುಗಟ್ಟಲೆ ಬೆಲೆ ಬದಲಾಗದೆ ನಿಂತದ್ದೂ ಉಂಟು.

ವಿದ್ಯಾರ್ಥಿ ಮಿತ್ರರೇ, ಬಂಕಿನ ಫಲಕದ ಆ ಒಂದು ಅಂಕಿಯಲ್ಲಿ ರಸಾಯನಶಾಸ್ತ್ರವಿದೆ, ವಾಣಿಜ್ಯವಿದೆ, ಭೂಗೋಳವಿದೆ, ಕಾನೂನೂ ಇದೆ. ಬೆಲೆ ಏರಿದಾಗ ‘ಯಾರೋ ನಮ್ಮನ್ನು ಸುಲಿಯುತ್ತಿದ್ದಾರೆ’ ಎಂದು ಗೊಣಗುವುದು ಸುಲಭ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಕಚ್ಚಾತೈಲವೆಷ್ಟು, ತೆರಿಗೆಯೆಷ್ಟು, ಸಂಸ್ಕರಣೆಯೆಷ್ಟು, ಋತುವಿನ ಪಾಲೆಷ್ಟು ಎಂದು ಬಿಡಿಸಿ ಕೇಳಬಲ್ಲವನ ದೂರಿಗೆ ಮಾತ್ರ ಉತ್ತರ ಸಿಗುತ್ತದೆ. ಲೆಕ್ಕ ಗೊತ್ತಿಲ್ಲದವನ ಕೂಗನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಹೀಗೆ ಬಿಡಿಸಿ ಕೇಳುವುದನ್ನು ಕಲಿಯಿರಿ, ಮನೆಯವರಿಗೂ ಕಲಿಸಿರಿ.