ಒಂದೇ ಹಲ್ಲುಚಕ್ರದ ಸೈಕಲ್ಲು
(ಡೊಂಬಿವಲಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸೈಕಲ್ಲಿನ ಮೇಲೂ ಭಾಷಣವೇ ಎಂದು ನಗಬೇಡಿ. ಚಹದ ಕಿಟ್ಲಿ, ಊಟದ ಡಬ್ಬಿ ಹೊತ್ತು ತುಳಿದ ಕಾಲು ನಮ್ಮದು. ಸಾಲ ಮಾಡಿ ಸೈಕಲ್ ಕೊಳ್ಳುವ ಮೊದಲು ಅದರ ಗುಣದೋಷ ತಿಳಿದಿರಬೇಕು.

ಪೆಡಲಿನ ಬಳಿ ಒಂದು, ಹಿಂದೆ ಒಂದು ಹಲ್ಲುಚಕ್ರ ಇರುವುದೇ ನಮ್ಮ ಹಳೆಯ ಕರಿ ಸೈಕಲ್ಲು. ಚೈನು ನೇರ ಓಡುತ್ತದೆ, ಬೇಗ ಸವೆಯದು. ಪೂರ್ತಿ ಮುಚ್ಚಿದ ಚೈನ್ ಕವರು ಇದ್ದರೆ ಮಳೆಗಾಲದ ಕೆಸರೂ ತಾಗದು. ಕೆಟ್ಟರೆ ಮೂಲೆಯ ಪಂಕ್ಚರ್ ಅಂಗಡಿಯವನೇ ಸರಿಮಾಡುತ್ತಾನೆ.

ದೋಷ ತಿಳಿಯುವುದು ಏರಿನಲ್ಲಿ. ಕಲ್ಯಾಣದ ಪತ್ರಿ ಪೂಲನ್ನೇ ನೋಡಿ. ಹಳೆಯದನ್ನು 2018ರಲ್ಲಿ ಕೆಡವಿ, 2021ರಲ್ಲಿ ಹೊಸದನ್ನು ತೆರೆದರು. ಸೇತುವೆ ಹೊಸದಾದರೂ ಏರು ಏರೇ. ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಹೇರು ಇದ್ದಾಗ ಆ ಭಾರವೆಲ್ಲ ಮೊಣಕಾಲಿನ ಮೇಲೆ.

ಈಗ ಠಾಣೆ, ನವಿ ಮುಂಬಯಿಯ ಅಂಗಡಿಗಳಲ್ಲಿ ಮುಂದೆ ಒಂದೇ ಚಕ್ರ, ಹಿಂದೆ ಹಲವು ಚಕ್ರಗಳಿರುವ ಗೇರಿನ ಸೈಕಲ್ಲೂ ಸಿಗುತ್ತದೆ. ಮುಂದೆ 32, ಹಿಂದೆ 42 ಹಲ್ಲು ಬಿದ್ದರೆ ಪೆಡಲಿನ ಸುತ್ತಿಗೆ ಚಕ್ರ ಮುಕ್ಕಾಲು ಸುತ್ತು ಮಾತ್ರ, ಏರು ಹಗುರ. ಮುಂದೆ ಎರಡು ಮೂರು ಚಕ್ರಗಳಿರುವುದಕ್ಕಿಂತ ಇದರಲ್ಲಿ ಗೊಂದಲವೂ ಕಡಿಮೆ, ಬದಲಿಸುವ ಹಿಡಿ ಒಂದೇ. ಆದರೆ ಕೊನೆಯ ಚಕ್ರಗಳಿಗೆ ಹೋದಾಗ ಚೈನು ಓರೆಯಾಗಿ ಸವೆಯುತ್ತದೆ. ಅದನ್ನು ಪೂರ್ತಿ ಮುಚ್ಚಲೂ ಬಾರದು. ಹಿಂದಿನ ಚಕ್ರಗಳ ಗೊಂಚಲಿಗೆ ಬೆಲೆಯೂ ಹೆಚ್ಚು.

ಹಾಗಾದರೆ ನಾವೇನು ಮಾಡಬೇಕು? ದೂರದ ಪಾಳಿಗೆ ಹೋಗುವವರಿಗೆ ಗೇರು ಒಳ್ಳೆಯದು. ಹತ್ತಿರದಲ್ಲೇ ಹೇರು ಒಯ್ಯುವವರು ಹಳೆಯ ಸೈಕಲ್ಲನ್ನೇ ಇಟ್ಟುಕೊಂಡು, ಹಿಂದೆ 18ರ ಬದಲು 22 ಹಲ್ಲಿನ ಫ್ರೀವೀಲು ಹಾಕಿಸಿ. ಆಗ ಪೆಡಲಿನ ಸುತ್ತಿಗೆ ಚಕ್ರ ಎರಡೇ ಸುತ್ತು. ಸಮನೆಲದಲ್ಲಿ ತುಸು ಹೆಚ್ಚು ತುಳಿಯಬೇಕು, ಆದರೆ ಮೊಣಕಾಲು ಉಳಿಯುತ್ತದೆ. ಚೈನು ಸಡಿಲವಾದ ಕೂಡಲೇ ಬದಲಿಸಿ. ಇಲ್ಲವಾದರೆ ಅದು ಹಲ್ಲುಗಳನ್ನೂ ತಿನ್ನುತ್ತದೆ.

ಕೊನೆಯ ಮಾತು. ಹಿಂದೆ ನಾವು ದುಡಿದ ಒಂದು ಹೋಟೆಲಿನಲ್ಲಿ ಚೈನು ತುಂಡಾದರೆ ನಮ್ಮ ಪಗಾರದಿಂದಲೇ ಮುರಿದುಕೊಳ್ಳುತ್ತಿದ್ದರು. ನಾವೂ ತಲೆತಗ್ಗಿಸಿ ಸುಮ್ಮನಿದ್ದೆವು. ಅದು ನಮ್ಮ ತಪ್ಪು. ಧಣಿಯ ಕೆಲಸಕ್ಕೆ ಸವೆದ ಚೈನಿನ ಖರ್ಚು ಧಣಿಯದೇ. ಚೈನು ಹೊಸದು ಸಿಗುತ್ತದೆ. ಸವೆದ ಮೊಣಕಾಲನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ? ಇದನ್ನು ಒಬ್ಬೊಬ್ಬರೇ ಹೇಳಿದರೆ ಸಾಲದು, ಎಲ್ಲರೂ ಸೇರಿ ಹೇಳೋಣ.